ಮಗಳಿಗೊಂದು ಪತ್ರ: ಜೀನ್ ಟೆಸ್ಟಿಗೆ ಮೊದಲು ಕಣ್ಣಿನ ಹನಿ

ಸಿಂಧನೂರು

ಪ್ರೀತಿಯ ಮಗಳೇ,

ಮನೆತನದಲ್ಲಿ ಸಕ್ಕರೆ ಕಾಯಿಲೆಯಿಂದ ಕಣ್ಣು ಕಳಕೊಂಡವರಿದ್ದಾರೆ, ಜೀನ್ ಟೆಸ್ಟ್ ಮಾಡಿಸಲೇನು ಅಂತ ಕೇಳಿದ್ದಿ. ಬೇಡ. ಆ ರೊಕ್ಕ ಇಟ್ಟುಕೋ.

ರಕ್ತಸಂಬಂಧಕ್ಕೆ ಪಾತ್ರ ಇಲ್ಲ ಅಂತಲ್ಲ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಸಕ್ಕರೆಯಿಂದ ಅಕ್ಷಿಪಟಲ (ಕಣ್ಣಿನ ಹಿಂದಿನ, ಬೆಳಕು ಹಿಡಿಯುವ ಪದರ) ತೀವ್ರವಾಗಿ ಕೆಟ್ಟಿದ್ದರೆ, ಸಕ್ಕರೆ ಇರುವ ಇನ್ನೊಬ್ಬರಿಗೂ ಆ ಅಪಾಯ ಹೆಚ್ಚು. ಆದರೆ ಕಾರಣ ಒಂದೇ ಜೀನ್ ಅಲ್ಲ. ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್ ಅನ್ನೋ ಪ್ರೋಟೀನ್, ಗ್ಲೂಕೋಸನ್ನು ಸಾರ್ಬಿಟಾಲ್ ಅನ್ನೋ ಇನ್ನೊಂದು ಪದಾರ್ಥ ಮಾಡುವ ಆಲ್ಡೋಸ್ ರಿಡಕ್ಟೇಸ್ ಅನ್ನೋ ಕಿಣ್ವ, ಇವುಗಳ ಜೀನ್‌ಗಳನ್ನು ಬಹಳ ಜಾಲಾಡಿದ್ದಾರೆ. ಒಂದು ದೇಶದವರಲ್ಲಿ ಕಂಡ ನಂಟು ಎಷ್ಟೋ ಸಲ ಇನ್ನೊಂದು ದೇಶದವರಲ್ಲಿ ಕಂಡಿಲ್ಲ. ಒಂದೊಂದರ ಪಾಲೂ ಸಣ್ಣದು. ರಿಪೋರ್ಟ್ ಏನೇ ಬರಲಿ, ಡಾಕ್ಟರ ಸಲಹೆ ಅದೇ ಇರುತ್ತದೆ.

ಅದರ ಬದಲು ಒಂದು ಚೀಟಿ ಬರಿ. ಎಷ್ಟು ಜನಕ್ಕೆ ಸಕ್ಕರೆ ಅನ್ನೋದಷ್ಟೇ ಸಾಲದು. ಯಾರಿಗೆ ಲೇಸರ್, ಯಾರಿಗೆ ಕಣ್ಣೊಳಗೆ ಇಂಜೆಕ್ಷನ್, ಯಾರಿಗೆ ಡಯಾಲಿಸಿಸ್, ಕಾಯಿಲೆ ಗೊತ್ತಾಗಿ ಎಷ್ಟು ವರ್ಷಕ್ಕೆ. ಹಿರಿಯರು ‘ಕಣ್ಣಿನ ಆಪರೇಷನ್’ ಅಂದರೆ ಪೊರೆ ತೆಗೆದದ್ದೋ ಅಕ್ಷಿಪಟಲದ್ದೋ ಬಿಡಿಸಿ ಕೇಳು. ನಮ್ಮಲ್ಲಿ ಎರಡನ್ನೂ ಒಂದೇ ಮಾಡಿಬಿಡ್ತಾರೆ.

ನಿನ್ನದು ಟೈಪ್ 2. ಗೊತ್ತಾಗುವ ಮೊದಲೇ ವರ್ಷಗಟ್ಟಲೆ ಇದ್ದಿರಬಹುದು. ಅದಕ್ಕೇ ಅಕ್ಷಿಪಟಲದ ಪರೀಕ್ಷೆಗೆ ಈಗಲೇ ರಾಯಚೂರಿನ ಸರಕಾರಿ ಆಸ್ಪತ್ರೆ ರಿಮ್ಸ್‌ಗೋ ಬೇರೆ ಕಣ್ಣಾಸ್ಪತ್ರೆಗೋ ಹೋಗು, ಆಮೇಲೆ ವರ್ಷಕ್ಕೊಮ್ಮೆ. ಚಶ್ಮಾ ಅಂಗಡಿಯಲ್ಲಿ ಅಕ್ಷರ ಓದಿಸುವುದು ಈ ಪರೀಕ್ಷೆಯಲ್ಲ. ಅಂಚಿನಲ್ಲಿ ರಕ್ತ ಸೋರುತ್ತಿದ್ದರೂ ನಡುಭಾಗ ಕೆಡುವತನಕ ಓದು ನೆಟ್ಟಗಿರುತ್ತದೆ. ಪಾಪೆ ಹಿಗ್ಗಲು ಹನಿ ಹಾಕಿ 20–30 ನಿಮಿಷ ಕೂರಿಸುತ್ತಾರೆ. ನಂತರ ನಾಲ್ಕಾರು ತಾಸು ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಸ್ಕೂಟಿ ಬಿಟ್ಟು ಬಸ್ಸಿಗೆ ಹೋಗು, ಕರಿ ಚಶ್ಮಾ ಇಟ್ಟುಕೋ.

ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ, ಸಾಮಾನ್ಯವಾಗಿ 7%ರ ಆಸುಪಾಸು ಇರಲಿ. 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅನ್ನೋ ದೊಡ್ಡ ಸಕ್ಕರೆ ಕಾಯಿಲೆ ಅಧ್ಯಯನದಲ್ಲಿ, ಕಣ್ಣು ಇನ್ನೂ ಕೆಡದ ಟೈಪ್ 1ರವರಿಗೆ (ದೇಹ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸುವ ಬಗೆ) ಸಕ್ಕರೆಯ ಬಿಗಿ ಹತೋಟಿಯಿಂದ ಅಕ್ಷಿಪಟಲ ಕೆಡುವ ಅಪಾಯ 76% ತಗ್ಗಿತ್ತು. ಹಾಗಂತ 11%ರಿಂದ ಒಮ್ಮೆಲೇ ಇಳಿಸಲು ಹೋಗಬೇಡ. ಮೊದಲೇ ಕೆಟ್ಟ ಅಕ್ಷಿಪಟಲ ದಿಢೀರ್ ಇಳಿತಕ್ಕೆ ಕೆಲಕಾಲ ಇನ್ನಷ್ಟು ಹದಗೆಡಬಹುದು; ಇನ್ಸುಲಿನ್ ಏರಿಸುವ ಮುಂಚೆ ಕಣ್ಣು ತೋರಿಸು. ಹಿಮೋಗ್ಲೋಬಿನ್ನೂ ನೋಡಿಸು, ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಹೆಚ್ಚು ತೋರಿಸೀತು. ಬಿಪಿ, ಮೂತ್ರದ ಆಲ್ಬುಮಿನ್ (ಕಿಡ್ನಿಗೆ ಪೆಟ್ಟಾದರೆ ಮೂತ್ರಕ್ಕೆ ಸೋರುವ ಪ್ರೋಟೀನ್) ಪರೀಕ್ಷೆಯೂ ಬಿಡಬೇಡ.

ಬಸಿರಾಗುವ ವಿಚಾರವಿದ್ದರೆ ಅದಕ್ಕೆ ಮೊದಲೊಮ್ಮೆ, ಬಸಿರಾದ ಮೊದಲ ಮೂರು ತಿಂಗಳೊಳಗೆ ಮತ್ತೊಮ್ಮೆ ಕಣ್ಣು ತೋರಿಸಬೇಕು. ಬಸಿರಿನಲ್ಲಿ ಅಕ್ಷಿಪಟಲದ ಈ ಕಾಯಿಲೆ ಬೇಗ ಬೆಳೆಯಬಹುದು. ಒಮ್ಮೆಲೇ ಕರಿ ಚುಕ್ಕಿಗಳು ತೇಲಿದರೆ, ಪರದೆ ಇಳಿದಂತಾದರೆ, ವರ್ಷದ ತಾರೀಖು ಕಾಯದೆ ಅದೇ ದಿನ ಹೋಗು.

ನಿನ್ನ ಅವ್ವ