ಕಿರಿಬಾಟಿಯ ಬಡತನಕ್ಕೆ ಲೆಕ್ಕ ಇದೆ

ಮಾನ್ಯ ಸಂಪಾದಕರೇ,

ಪೆಸಿಫಿಕ್ ಸಾಗರದ ಕಿರಿಬಾಟಿ ಎಂಬ ದ್ವೀಪದೇಶ ಸಮುದ್ರದಲ್ಲಿ ಮುಳುಗುತ್ತಿದೆ ಎಂದು ಹೋದ ಭಾನುವಾರದ ಪುರವಣಿಯಲ್ಲಿ ಬರೆದಿದ್ದೀರಿ. ನೀಲಿ ನೀರು, ಬಾಗಿದ ತೆಂಗಿನ ಮರ, ಫೋಟೊ ಚೆನ್ನಾಗಿತ್ತು. ಆದರೆ ಆ ಮರದ ಕೆಳಗಿನ ಮನೆಯವರು ಇವತ್ತು ಏನು ತಿಂದರು, ಎಲ್ಲಿಯ ನೀರು ಕುಡಿದರು ಎಂಬ ಮಾತು ಲೇಖನದಲ್ಲಿ ಎಲ್ಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಾನು ತಿಪಟೂರು ತಾಲ್ಲೂಕಿನ ತೆಂಗು ಬೆಳೆಗಾರ. ನನ್ನ ತಂಗಿಯ ಮಗ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಎರಡು ವರ್ಷದ ಹಿಂದೆ ಅವನ ಹಡಗು ಕಿರಿಬಾಟಿಯ ಬೆಟಿಯೊ ಬಂದರಿಗೆ ಹೋಗಿತ್ತು. ‘ಮಾವ, ಇಲ್ಲೂ ಕೊಬ್ಬರಿ ನೋಡಿ’ ಎಂದು ಒಂದು ವಿಡಿಯೊ ಕಳಿಸಿದ್ದ. ದೂರದ ದ್ವೀಪದಿಂದ ಬಂದ ಸಣ್ಣ ಹಡಗೊಂದರಿಂದ ಕೊಬ್ಬರಿ ಚೀಲ ಇಳಿಸುತ್ತಿದ್ದರು. ಒಂದು ಚೀಲ ಹರಿದು ಹೋಳುಗಳು ಚೆಲ್ಲಿದವು. ಒಬ್ಬ ಹುಡುಗ ಕೂತು ಒಂದೊಂದನ್ನೇ ಆರಿಸಿ ಮತ್ತೆ ಚೀಲಕ್ಕೆ ತುಂಬಿದ. ಒಂದು ಚೂರನ್ನೂ ಬಿಡಲಿಲ್ಲ. ಅದೇ ಹಡಗಿಗೆ ವಾಪಸ್ ಹೋಗಲು ಅಕ್ಕಿ ಮೂಟೆ, ಮೈದಾ, ಸಕ್ಕರೆ, ಡಬ್ಬಿಯಲ್ಲಿ ತುಂಬಿದ ಮಾಂಸ ಕಾದಿದ್ದವು. ಆ ವಿಡಿಯೊ ನೋಡಿದ ಮೇಲೆ ಆ ದೇಶದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ಅವರ ಬಾಯಲ್ಲಿ ದೇಶದ ಹೆಸರು ಕಿರಿಬಾಸ್. ಒಟ್ಟು 33 ದ್ವೀಪ, ಸುಮಾರು 1.2 ಲಕ್ಷ ಜನ. ನೆಲವನ್ನೆಲ್ಲ ಕೂಡಿಸಿದರೆ 811 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರಕ್ಕಿಂತ ಒಂದಿಷ್ಟು ಜಾಸ್ತಿ, ಅಷ್ಟೇ. ಅದು 35 ಲಕ್ಷ ಚದರ ಕಿಲೋಮೀಟರ್ ಸಮುದ್ರದಲ್ಲಿ ಹರಡಿಕೊಂಡಿದೆ. ಹವಳದ ಪುಡಿ ಮಣ್ಣು. ರಾಗಿ, ಭತ್ತ ಏನೂ ಬೆಳೆಯಲ್ಲ. ಇರುವುದು ತೆಂಗು, ಕೇದಿಗೆ ಜಾತಿಯ ಮರ, ದೀವಿಹಲಸು, ಗುಂಡಿ ತೋಡಿ ಬೆಳೆಸುವ ಒಂದು ಜಾತಿ ಕೆಸವಿನ ಗೆಡ್ಡೆ, ಮತ್ತೆ ಮೀನು.

ನಾವು ಉಂಡೆ ಕೊಬ್ಬರಿ ಮಾಡುವವರು. ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗುವವರೆಗೂ ತಿಂಗಳುಗಟ್ಟಲೆ ಕಾಯುತ್ತೇವೆ. ಅವರಿಗೆ ಅಷ್ಟು ಕಾಯುವ ಶಕ್ತಿ ಇಲ್ಲ. ಕಾಯಿ ಒಡೆದು, ಚಾಕುವಿನಲ್ಲಿ ಹೋಳು ಬಿಡಿಸಿ, ಬಿಸಿಲಿಗೆ ಒಣಗಿಸಿ ತೂಕಕ್ಕೆ ಹಾಕುತ್ತಾರೆ. ಸೋಪು, ಅಕ್ಕಿ, ಮಕ್ಕಳ ಶಾಲೆಯ ಖರ್ಚು, ಎಲ್ಲಕ್ಕೂ ಅದೇ ದುಡ್ಡು. ರಾಜಧಾನಿಯಿಂದ ದೂರದ ದ್ವೀಪಗಳಲ್ಲಿ ಕೈಗೆ ಕಾಸು ಬರುವ ಮುಖ್ಯ ದಾರಿ ಇದೇ. ಅದಕ್ಕೇ ಅಲ್ಲಿನ ಸರ್ಕಾರ 2016ರಲ್ಲಿ ಕೊಬ್ಬರಿಯ ದರವನ್ನು ಕಿಲೋಗೆ ಒಂದು ಆಸ್ಟ್ರೇಲಿಯನ್ ಡಾಲರಿನಿಂದ ಎರಡಕ್ಕೆ ಏರಿಸಿತು. ಆಮೇಲೆ ನಾಲ್ಕು ಮಾಡಿತು. ಹೊರಗಿನ ಮಾರುಕಟ್ಟೆಯಲ್ಲಿ ಅಷ್ಟು ಸಿಗುವುದಿಲ್ಲ, ಉಳಿದದ್ದು ಸಬ್ಸಿಡಿ. ಇದು ಖಜಾನೆಗೆ ಹೊರೆ, ಕಡಿಮೆ ಮಾಡಿ ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ ಹೇಳುತ್ತಾ ಬಂದಿದೆ.

ಈ ಮಾತು ನನಗೆ ಚುಚ್ಚುತ್ತದೆ. 2023ರಲ್ಲಿ ನಮ್ಮ ಮಂಡಿಯಲ್ಲಿ ಕೊಬ್ಬರಿ ಕ್ವಿಂಟಲಿಗೆ 8 ಸಾವಿರಕ್ಕೆ ಇಳಿದಾಗ ನಾನು ಖರೀದಿ ಕೇಂದ್ರದ ಮುಂದೆ ಎರಡು ರಾತ್ರಿ ಟ್ರಾಕ್ಟರಿನಲ್ಲೇ ಮಲಗಿದ್ದೆ. ಬೆಂಬಲ ಬೆಲೆ ಅಂದರೆ ಏನು ಅಂತ ಗೊತ್ತಿರುವುದು ಹಾಗೆ ಮಲಗಿದವರಿಗೆ. ಕಿರಿಬಾಟಿಯಲ್ಲಿ ಆ ದುಡ್ಡು ನಿಂತರೆ ಜನ ದ್ವೀಪ ಬಿಟ್ಟು ರಾಜಧಾನಿ ದಕ್ಷಿಣ ತರಾವಾಗೆ ಬರುತ್ತಾರೆ. ಈಗಾಗಲೇ ದೇಶದ ಅರ್ಧದಷ್ಟು ಜನ ಅಲ್ಲೇ ಇದ್ದಾರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ನಡುವೆ ರಿಬ್ಬನ್ನಿನ ಹಾಗೆ ನೆಲ. ಅದರ ಮೇಲೆ ಮನೆಗೆ ಮನೆ ಅಂಟಿಕೊಂಡಿದೆ. ಬಾವಿ ಪಕ್ಕದಲ್ಲೇ ಶೌಚದ ಗುಂಡಿ, ಹಂದಿ ಗೂಡು. ಆ ನೀರು ಕುಡಿದ ಮಕ್ಕಳಿಗೆ ಭೇದಿ ಹತ್ತುತ್ತದೆ. ಸಣ್ಣ ಮಕ್ಕಳು ಸಾಯುತ್ತವೆ. ಇದು ಸಮುದ್ರ ಏರಿದ ಮೇಲೆ ಆಗುವುದಲ್ಲ, ಈಗಲೇ ಆಗುತ್ತಿರುವುದು.

ನೆಲದಡಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಾ ನಿಂತಿರುತ್ತದೆ. ಮಳೆ ಕೈಕೊಟ್ಟರೆ ಅದೂ ಉಪ್ಪಾಗುತ್ತದೆ. ಕೆಸವಿನ ಗುಂಡಿಗಳೂ ಕೆಡುತ್ತವೆ. 2022ರ ಬರದಲ್ಲಿ ಸರ್ಕಾರ ವಿಪತ್ತು ಘೋಷಿಸಬೇಕಾಯಿತು. ಗರಿ ಹೊದಿಸಿದ ಸೂರಿನಿಂದ ಕುಡಿಯುವ ನೀರು ಹಿಡಿಯಲಾಗದು. ತಗಡಿನ ಸೂರು, ಸೂರಿನಂಚಿಗೆ ಮಳೆನೀರು ಹಿಡಿಯುವ ಒಂದು ದೋಣಿ ಪೈಪು, ಒಂದು ಟ್ಯಾಂಕು ಬೇಕು. ಅಷ್ಟು ಕೊಳ್ಳಲು ಎಷ್ಟು ಚೀಲ ಕೊಬ್ಬರಿ ಒಡೆಯಬೇಕು, ಯೋಚಿಸಿ.

ಇನ್ನು ಲೇಖನದಲ್ಲಿ ಒಂದು ಸಾಲೂ ಇಲ್ಲದ ಬನಾಬ. ಕಿರಿಬಾಟಿಗೇ ಸೇರಿದ, ಆರು ಚದರ ಕಿಲೋಮೀಟರಿನ ದ್ವೀಪ ಅದು. 1900ರಲ್ಲಿ ಅಲ್ಬರ್ಟ್ ಎಲ್ಲಿಸ್ ಎಂಬ ಕಂಪನಿಯ ಮನುಷ್ಯ ಅಲ್ಲಿಗೆ ಬಂದ. ದ್ವೀಪದ ಕಲ್ಲೆಲ್ಲ ಗೊಬ್ಬರಕ್ಕೆ ಬರುವ ಫಾಸ್ಫೇಟ್ ಎಂದು ಅವನು ಕಂಡುಕೊಂಡ. ವರ್ಷಕ್ಕೆ 50 ಪೌಂಡ್, 999 ವರ್ಷದ ಕರಾರು! ಓದಲು ಬಾರದವರ ಕೈಯಲ್ಲಿ ಗುರುತು ಹಾಕಿಸಿಕೊಂಡರು. ಮುಂದಿನ 79 ವರ್ಷ ಆ ದ್ವೀಪವನ್ನು ಅಗೆದು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲ, ಹುಲ್ಲುಗಾವಲುಗಳಿಗೆ ಹರಡಿದರು. ನಾವು ಮರದ ಬುಡಕ್ಕೆ ಹಾಕುವ ಸೂಪರ್ ಫಾಸ್ಫೇಟ್ ಗೊಬ್ಬರ ಮಾಡುವುದೂ ಅಂಥ ಕಲ್ಲಿನಿಂದಲೇ. ಬರಗಾಲದಲ್ಲಿ ಬನಾಬದ ಹೆಂಗಸರು ನೆಲದಡಿಯ ಗವಿಗಳಿಗೆ ತೆವಳಿ ಇಳಿದು, ತೆಂಗಿನ ಕರಟದಲ್ಲಿ ನೀರು ಮೊಗೆದು ತರುತ್ತಿದ್ದರು. ಗಣಿಗಾರಿಕೆ ಆ ಗವಿಗಳನ್ನೂ ಹಾಳು ಮಾಡಿತು. 1945ರಲ್ಲಿ, ಆಗ ಆಳುತ್ತಿದ್ದ ಬ್ರಿಟಿಷರು ಜನರನ್ನೇ ಎತ್ತಿ ಫಿಜಿಯ ರಾಬಿ ದ್ವೀಪಕ್ಕೆ ಸಾಗಿಸಿದರು. ಬನಾಬದ ಜನ ಪರಿಹಾರ ಕೇಳಿ ಲಂಡನ್ನಿನ ಕೋರ್ಟಿಗೂ ಹೋದರು. 1976ರಲ್ಲಿ ತೀರ್ಪು ಬಂತು, ಕೇಳಿದ್ದರಲ್ಲಿ ಬಹುಪಾಲು ಸಿಗಲಿಲ್ಲ. ಗಣಿ ನಿಂತದ್ದು 1979ರಲ್ಲಿ. ಕಿರಿಬಾಟಿಗೆ ಸ್ವಾತಂತ್ರ್ಯ ಬಂದದ್ದೂ ಅದೇ ವರ್ಷ. ಖಾಲಿ ಕಣಜದ ಬೀಗದಕೈ ಕೊಟ್ಟ ಹಾಗೆ. 1956ರಲ್ಲೇ ಗಣಿ ಆದಾಯದ ಒಂದು ಪಾಲನ್ನು ನಿಧಿಯಾಗಿ ಎತ್ತಿಟ್ಟಿದ್ದರು. ಅದೊಂದು ಉಳಿದಿದೆ, ಬೆಳೆದೂ ಇದೆ.

ಮೀನಿನ ಕಥೆಯೂ ಸುಮಾರಾಗಿ ಹೀಗೇ. ಅವರ ಸಮುದ್ರದಲ್ಲಿ ಟ್ಯೂನಾ ಮೀನು ರಾಶಿ ರಾಶಿ ಇದೆ. ಹಿಡಿಯುವ ದೊಡ್ಡ ಹಡಗುಗಳು ಬಹುತೇಕ ಹೊರದೇಶದವು. ಪರವಾನಗಿ ಶುಲ್ಕದಿಂದಲೇ ಸರ್ಕಾರದ ಅರ್ಧಕ್ಕಿಂತ ಜಾಸ್ತಿ ಆದಾಯ ಬರುತ್ತದೆ, ನಿಜ. ಆದರೆ ಹಿಡಿದ ಮೀನು ಬೇರೆ ದೇಶದಲ್ಲಿ ಡಬ್ಬಿ ಸೇರುತ್ತದೆ. ಕೆಲಸವೂ ಅಲ್ಲೇ ಹೋಗುತ್ತದೆ, ಅಲ್ವಾ?

ನಮ್ಮ ದೇಶಕ್ಕೂ ಅವರಿಗೂ ಸಂಬಂಧ ಇಲ್ಲ ಅನ್ನಬೇಡಿ. ಜಕಾರ್ತಾದಲ್ಲಿ ಕಚೇರಿ ಇರುವ ಅಂತರರಾಷ್ಟ್ರೀಯ ತೆಂಗು ಸಮುದಾಯದಲ್ಲಿ ಭಾರತವೂ ಇದೆ, ಕಿರಿಬಾಟಿಯೂ ಇದೆ. 2014ರಿಂದ 14 ಪೆಸಿಫಿಕ್ ದ್ವೀಪದೇಶಗಳ ಜೊತೆ ನಮ್ಮ ಸರ್ಕಾರ ವೇದಿಕೆ ನಡೆಸುತ್ತಿದೆ. ಆ ಸಭೆಗಳಲ್ಲಿ ಮೊದಲು ಮನೆಮನೆಗೆ ಮಳೆನೀರಿನ ಟ್ಯಾಂಕಿನ ಮಾತು ಬರಲಿ. ಅವರು ಮರದಿಂದ ನೀರಾ ಇಳಿಸಿ, ಕಾಯಿಸಿ ಬೆಲ್ಲದ ಪಾಕದಂಥದ್ದು ಮಾಡುತ್ತಾರೆ. ಮರ ಹತ್ತಿದವರು ಮೇಲಿಂದ ಹಾಡು ಹೇಳುತ್ತಾರಂತೆ. ಅವರಿಂದ ನಾವು ಕಲಿಯುವುದೂ ಇದೆ.

ನನ್ನ ಕೋರಿಕೆ ಇಷ್ಟು. ಬನಾಬದ ಬಗ್ಗೆ ಒಂದು ಪೂರ್ತಿ ಪುಟ ಕೊಡಿ. ಅಲ್ಲಿ ಈಗಲೂ ಕೆಲವು ನೂರು ಜನ ಇದ್ದಾರೆ. 2020ರ ಕೊನೆಯಲ್ಲಿ ಅವರಿಗೆ ಕುಡಿಯುವ ನೀರಿಗೇ ತತ್ವಾರ ಆಗಿತ್ತು. ಉಪ್ಪುನೀರು ಸಿಹಿ ಮಾಡುವ ಯಂತ್ರ ಕೆಟ್ಟಿತ್ತು. ನೀರು ತರಲು ಹಳೆಯ ಗವಿಗಳೂ ಹೆಚ್ಚಿನವು ಉಳಿದಿರಲಿಲ್ಲ.

ಇತಿ ನಿಮ್ಮ ಓದುಗ,
ತೆಂಗು ಬೆಳೆಗಾರ, ತಿಪಟೂರು ತಾಲ್ಲೂಕು