ಸೋಂಕು ಎಲ್ಲಿಂದ ಬಂತು, ಗೊತ್ತಾಗಬೇಕಲ್ವಾ?

ಮಾನ್ಯ ಸಂಪಾದಕರೇ,

ಹಿರಿಯರ ಆರೈಕೆ ಕೇಂದ್ರದಲ್ಲಿ ಯಾರಿಗಾದರೂ ಔಷಧಕ್ಕೆ ಬಗ್ಗದ ಸೋಂಕು ಬಂದರೆ ‘ಆಸ್ಪತ್ರೆಯಿಂದ ತಂದದ್ದು’ ಅನ್ನುತ್ತಾರೆ. ಆಸ್ಪತ್ರೆಯವರು ‘ಬರುವಾಗಲೇ ಇತ್ತು’ ಅನ್ನುತ್ತಾರೆ. ಬ್ಯಾಕ್ಟೀರಿಯಾದ ಜೀನೋಮ್ (ಅದರ ಪೂರ್ತಿ ಡಿಎನ್‌ಎ) ಓದಿ, ಒಬ್ಬರದ್ದನ್ನು ಇನ್ನೊಬ್ಬರದ್ದರೊಂದಿಗೆ ಹೋಲಿಸಿದರೆ ಈ ಜಗಳ ಬಹುಮಟ್ಟಿಗೆ ಬಗೆಹರಿಯುತ್ತದೆ.

2011ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್ ಆಸ್ಪತ್ರೆಯಲ್ಲಿ ಔಷಧಕ್ಕೆ ಬಗ್ಗದ ಇಂಥದೇ ಬ್ಯಾಕ್ಟೀರಿಯಾ, ಕ್ಲೆಬ್ಸಿಯೆಲ್ಲಾ, 18 ರೋಗಿಗಳಿಗೆ ಹರಡಿತು. 11 ಜನ ತೀರಿಕೊಂಡರು, ಅವರಲ್ಲಿ 6 ಸಾವಿಗೆ ಈ ಸೋಂಕೇ ಕಾರಣ. ಮೊದಲ ರೋಗಿ ಡಿಸ್ಚಾರ್ಜ್ ಆಗಿ ಮೂರು ವಾರದ ಮೇಲೆ ಎರಡನೆಯ ರೋಗಿಯಲ್ಲಿ ಅದು ಕಾಣಿಸಿತ್ತು. ಎರಡಕ್ಕೂ ಸಂಬಂಧವಿಲ್ಲ ಅಂತ ಸುಮ್ಮನಾಗಬಹುದಿತ್ತು. ಜೀನೋಮ್‌ಗಳನ್ನು ಹೋಲಿಸಿದಾಗ ಮೂಲ ಆ ಮೊದಲ ರೋಗಿಯೇ ಎಂದು ತಿಳಿಯಿತು. ಸಿಂಕಿನ ಕೊಳವೆಯಲ್ಲೂ, ಶುಚಿ ಮಾಡಿಟ್ಟಿದ್ದ ವೆಂಟಿಲೇಟರಿನಲ್ಲೂ ಅದೇ ಸಿಕ್ಕಿತು!

ಆರೈಕೆ ಕೇಂದ್ರಗಳಲ್ಲಿ ಅಪಾಯ ಕಡಿಮೆಯೇನಲ್ಲ. ಕ್ಯಾತಿಟರ್ (ಮೂತ್ರ ಹೋಗಲು ಹಾಕುವ ನಳಿಕೆ), ಹಾಸಿಗೆ ಹುಣ್ಣು, ಪದೇ ಪದೇ ಆ್ಯಂಟಿಬಯಾಟಿಕ್. ಆಯಾ ಒಬ್ಬರ ಮೂತ್ರದ ಚೀಲ ಖಾಲಿ ಮಾಡಿ ಪಕ್ಕದ ಹಾಸಿಗೆಗೆ ಹೋಗುತ್ತಾರೆ. ಅವರನ್ನು ದೂರಿ ಏನು ಫಲ? ಗ್ಲೌಸ್ ಎಣಿಸಿ ಕೊಡುವ ಆಡಳಿತವನ್ನು ಕೇಳಬೇಕು. ಜ್ವರ, ನೋವು ಏನೂ ಇಲ್ಲದವರ ಕರುಳಲ್ಲೂ ಈ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಇರಬಹುದು.

ಎಲ್ಲರಿಗೂ ಈ ಜೀನೋಮ್ ಪರೀಕ್ಷೆ ಬೇಕಿಲ್ಲ, ಖರ್ಚೂ ಜಾಸ್ತಿ. ಒಂದೇ ಕಡೆ ಎರಡು ಮೂರು ಪ್ರಕರಣ ಕಂಡಾಗಲಾದರೂ ಮಾದರಿಯನ್ನು ಎಸೆಯದೆ ಜೀನೋಮ್ ಓದುವ ಸೀಕ್ವೆನ್ಸಿಂಗ್‌ಗೆ ಕಳಿಸಲಿ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಲ್ಯಾಬ್‌ಗಳು ವೈರಸ್‌ಗೆ ಇದನ್ನೇ ಮಾಡಿದ್ದವು. ಅಲ್ಲಿಯವರೆಗೆ, ಡಿಸ್ಚಾರ್ಜ್ ಚೀಟಿಯಲ್ಲಿ ‘ಇವರಲ್ಲಿ ಇಂಥ ಬ್ಯಾಕ್ಟೀರಿಯಾ ಇದೆ’ ಎಂಬ ಒಂದು ಸಾಲನ್ನಾದರೂ ಆಸ್ಪತ್ರೆಗಳು ಕಡ್ಡಾಯವಾಗಿ ಬರೆಯಲಿ.

– ಓದುಗ, ಬೆಂಗಳೂರು