ಅಮ್ಮ ಗೇಟಿನವರೆಗೆ ನಡೆದರು

ಮೊನ್ನೆ ಭಾನುವಾರ ಅಮ್ಮ ವಾಕರ್ ಹಿಡಿದು ಗೇಟಿನವರೆಗೆ ಹೋದರು. ಹೂವಿನವಳ ಹತ್ತಿರ ಚೌಕಾಸಿ ಮಾಡಿ, ಎರಡು ಮೊಳ ಮಲ್ಲಿಗೆಯನ್ನು ವಾಕರ್‌ಗೇ ಸುತ್ತಿಕೊಂಡು ವಾಪಸ್ ಬಂದರು. ಜೂನ್‌ನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಪರೇಷನ್ ಆದ ಮೇಲೆ, ತಾವಾಗಿಯೇ ಹೊಸ್ತಿಲು ದಾಟಿದ್ದು ಇದೇ ಮೊದಲು. ಒಬ್ಬೊಬ್ಬರಿಗೂ ಫೋನ್ ಮಾಡಲು ಆಗುತ್ತಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಸುದ್ದಿ ಕೇಳಿ ರಾತ್ರೋರಾತ್ರಿ ತಿಪಟೂರಿನಿಂದ ಬ್ಯಾಗ್ ಸಮೇತ ಬಂದಿಳಿದ ಚಿಕ್ಕಮ್ಮನಿಗೆ, ತಿಂಗಳುಗಟ್ಟಲೆ ಸಾರು ಪಲ್ಯ ಕಳಿಸಿದ ಎದುರು ಮನೆ ಆಂಟಿಗೆ, ನನ್ನ ಕೆಲಸವನ್ನೂ ತಾವೇ ಮಾಡಿಕೊಂಡ ಆಫೀಸಿನವರಿಗೆ ತುಂಬಾ ಥ್ಯಾಂಕ್ಸ್. (ಅಡ್ವಾನ್ಸ್ ತಗೊಂಡು ರಾತ್ರಿ ನರ್ಸ್ ಕಳಿಸದೇ ಕೈಕೊಟ್ಟವರ ವಿಷಯ ಈಗ ಬೇಡ.)

ಫಿಸಿಯೋಥೆರಪಿ ಹುಡುಗಿಗೆ ಮಾತ್ರ ಬೇರೆಯಾಗಿಯೇ ಹೇಳಬೇಕು. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮಂಡಿ ಮಡಿಸಬೇಕು, ಹತ್ತು ಸಲ. ಅಮ್ಮ ಮೂರಕ್ಕೇ "ನೋಯುತ್ತೆ ಕಣೇ, ನಾಳೆ ನೋಡೋಣ" ಎನ್ನುತ್ತಿದ್ದರು. ಒಂದು ದಿನ ಆ ಹುಡುಗಿ, "ಅಜ್ಜಿ, ನಿಮಗೆ ಯಾವ ಹೀರೋಯಿನ್ ಇಷ್ಟ?" ಎಂದು ಕೇಳಿದಳು. "ಇನ್ಯಾರು, ಬಿ. ಸರೋಜಾದೇವಿ!" ಮಾರನೇ ದಿನ ಮಂಚದ ಎದುರು ಟಿವಿ ಬಂತು.

ಮೊದಲು 'ಕಿತ್ತೂರು ಚೆನ್ನಮ್ಮ'ನೇ ಆಗಬೇಕು ಎಂದರು. 1961ರಲ್ಲಿ ಅದು ಬಂದಾಗ ಅಮ್ಮನಿಗೆ ಹನ್ನೆರಡು ವರ್ಷ. ಟೆಂಟ್‌ನಲ್ಲಿ ನೋಡಿ ಬಂದು, ಕಪ್ಪ ಕೊಡಲ್ಲ ಎನ್ನುವ ಆ ಮಾತನ್ನು ಹಿತ್ತಲಿನ ಎಮ್ಮೆ ಎದುರು ನಿಂತು ಹೇಳುತ್ತಿದ್ದರಂತೆ! ಆಮೇಲೆ 1964ರ 'ಅಮರಶಿಲ್ಪಿ ಜಕಣಾಚಾರಿ', ಪೂರ್ತಿ ಬಣ್ಣದಲ್ಲಿ ಬಂದ ಮೊದಲ ಕನ್ನಡ ಸಿನಿಮಾ. ಪರದೆ ಮೇಲೆ ಸರೋಜಾದೇವಿ ಕುಣಿಯುವಾಗ ಹೊದಿಕೆಯೊಳಗೆ ಅಮ್ಮನ ಪಾದ ಅಲ್ಲಾಡಿತು. ಹುಡುಗಿ ಏನೂ ಹೇಳದೆ ಹಿಮ್ಮಡಿಗೆ ಕೈ ಕೊಟ್ಟಳು. ಹಾಡು ಮುಗಿಯುವಷ್ಟರಲ್ಲಿ ಹದಿನಾಲ್ಕು ಸಲ ಆಗಿತ್ತು. ನಾನೇ ಎಣಿಸಿದ್ದು.

ನನಗೆ ಗೊತ್ತಿರದ ಸಂಗತಿಗಳೂ ಈ ನೆಪದಲ್ಲಿ ತಿಳಿದವು. 1955ರ 'ಮಹಾಕವಿ ಕಾಳಿದಾಸ'ದಲ್ಲಿ ನಟ ಹೊನ್ನಪ್ಪ ಭಾಗವತರು ಸರೋಜಾದೇವಿಯವರನ್ನು ಪರಿಚಯಿಸಿದಾಗ ಅವರಿನ್ನೂ ಹದಿಹರೆಯದ ಹುಡುಗಿ. ಮೂರೇ ವರ್ಷಕ್ಕೆ ತಮಿಳಿನಲ್ಲಿ ಎಂಜಿಆರ್ ಜೊತೆ 'ನಾಡೋಡಿ ಮನ್ನನ್', ಮರುವರ್ಷ ಹಿಂದಿಯಲ್ಲಿ ದಿಲೀಪ್ ಕುಮಾರ್ ಜೊತೆ 'ಪೈಗಾಮ್'. ತೆಲುಗಿನಲ್ಲೂ ಬಿಡುವಿಲ್ಲ. ತಮಿಳರು ಇವರನ್ನು ಕರೆದಿದ್ದು 'ಕನ್ನಡದ ಗಿಳಿ' ಎಂದೇ. ಸ್ವಿಮ್‌ಸೂಟ್ ಬೇಡ, ತೋಳಿಲ್ಲದ ರವಿಕೆ ಬೇಡ ಎಂಬುದು ತಾಯಿಯ ಕಟ್ಟಪ್ಪಣೆ. ಇದನ್ನು ಹೇಳುವಾಗ ಅಮ್ಮ ನನ್ನ ಕುರ್ತಾ ಕಡೆ ಒಮ್ಮೆ ನೋಡಿದರು. ಇರಲಿ ಬಿಡಿ. ಮದುವೆಯಾದ ಮೇಲೂ ನಟಿಸಿದರು, 'ಮಲ್ಲಮ್ಮನ ಪವಾಡ' ಬಂದ 1969ರಲ್ಲೇ ಪದ್ಮಶ್ರೀಯೂ ಬಂತು. ಅಮ್ಮ ಅದನ್ನು ಎಷ್ಟು ಹೆಮ್ಮೆಯಿಂದ ಹೇಳಿದರೆಂದರೆ, ಪ್ರಶಸ್ತಿ ನಮ್ಮ ಮನೆಗೇ ಬಂದಿತ್ತೇನೋ ಅನ್ನಬೇಕು.

ಜುಲೈ 14, ಸೋಮವಾರ. ಮಲ್ಲೇಶ್ವರದ ಮನೆಯಲ್ಲಿ ಸರೋಜಾದೇವಿ ತೀರಿಕೊಂಡ ಸುದ್ದಿ ಬಂತು. ನಾನು ಟಿವಿ ಹಾಕಲಿಲ್ಲ, ಕರೆಂಟಿಲ್ಲ ಎಂದೆ. ಫ್ಯಾನ್ ತಿರುಗುತ್ತಲೇ ಇತ್ತು. ಅಮ್ಮ ಫ್ಯಾನ್ ನೋಡಿದರು, ನನ್ನ ಮುಖ ನೋಡಿದರು. "ಯಾರು ಹೋದ್ರು ಹೇಳು" ಎಂದರು.

ಅವತ್ತು ವ್ಯಾಯಾಮ ಆಗಲಿಲ್ಲ. ಅವರ ಕಣ್ಣುಗಳನ್ನು ದಾನ ಮಾಡಿದರು ಎಂದು ಸಂಜೆ ಗೊತ್ತಾದಾಗ, "ನನ್ನ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ತಗೋತಾರಾ?" ಎಂದು ಕೇಳಿದರು. ವಿಚಾರಿಸಿದೆ, ತಗೋತಾರಂತೆ. ಫಾರಂ ತುಂಬಿದ್ದೇವೆ.

ಆ ಮಹಾತಾಯಿಗೆ ಥ್ಯಾಂಕ್ಸ್ ತಲುಪಿಸಲು ನನಗೆ ವಿಳಾಸವಿಲ್ಲ. ಉಳಿದವರೆಲ್ಲ ಮುಂದಿನ ಭಾನುವಾರ ಸಂಜೆ ಮನೆಗೆ ಬನ್ನಿ. 'ಬಭ್ರುವಾಹನ' ಹಾಕುತ್ತೇವೆ. ಕಾಫಿ ತಾವೇ ಮಾಡುವುದಾಗಿ ಅಮ್ಮ ಹಟ ಹಿಡಿದಿದ್ದಾರೆ. ಸಕ್ಕರೆ ಜಾಸ್ತಿ ಇದ್ದರೆ ಸುಮ್ನೆ ಕುಡಿದುಬಿಡಿ.